ಕೇಪ್ ಇವಾನ್ಸಿನ ಎರಡು ಮನೆಗಳು

ದಕ್ಷಿಣ ಧ್ರುವಖಂಡವಾದ ಅಂಟಾರ್ಕ್ಟಿಕದ ರಾಸ್ ದ್ವೀಪದಲ್ಲಿ ಕೇಪ್ ಇವಾನ್ಸ್ ಎಂಬ ಭೂಶಿರವುಂಟು. ಅಲ್ಲಿ 1911ರಲ್ಲಿ ಆಂಗ್ಲ ನಾವಿಕನಾದ ಸ್ಕಾಟನು ಮರದ ಮನೆಯೊಂದನ್ನು ಕಟ್ಟಿಸಿದನು. ಮರುವರ್ಷ ಆತನೂ ನಾಲ್ವರು ಸಂಗಡಿಗರೂ ಧ್ರುವದಿಂದ ಹಿಂದಿರುಗುವಾಗ ಮಡಿದರು, ಮನೆಯು ಉಳಿಯಿತು.

1987ರಲ್ಲಿ ಅದರ ಸಮೀಪದಲ್ಲಿಯೇ ಗ್ರೀನ್‌ಪೀಸ್ ಸಂಘದವರು ವಾಸದ ಶಿಬಿರವೊಂದನ್ನು ಹೂಡಿದರು. ಆ ಖಂಡವು ಗಣಿಗಳಿಗೆ ತುತ್ತಾಗದೆ ಲೋಕಕ್ಕೆಲ್ಲ ಮೀಸಲಾದ ಉದ್ಯಾನವಾಗಬೇಕೆಂಬುದು ಅವರ ಅಭಿಮತ. ಅಮೆರಿಕದವರ ಮ್ಯಾಕ್‌ಮರ್ಡೊ ನೆಲೆಯ ಕಸದ ರಾಶಿಯನ್ನೂ ಅವರು ಖಂಡಿಸಿದರು. ಪರರನ್ನು ಆಕ್ಷೇಪಿಸುವವರು ಮೊದಲು ತಾವು ಶುಚಿಗಳಾಗಿರಬೇಕಷ್ಟೆ.

1991ರ ಅಕ್ಟೋಬರಿನಲ್ಲಿ ಮ್ಯಾಡ್ರಿಡ್ ನಗರದಲ್ಲಿ ಗಣಿಗಾರಿಕೆಯನ್ನು ನಿಷೇಧಿಸುವ ಒಡಂಬಡಿಕೆಗೆ ರಾಷ್ಟ್ರಗಳ ರುಜು ಬಿದ್ದಿತು. ಅನಂತರದ ಬೇಸಗೆಯಲ್ಲಿ ಸಂಘದವರು ತಮ್ಮ ಶಿಬಿರವನ್ನು ಬಿಚ್ಚಿ ಸಾಗಿಸಿದರು. ಒಡಂಬಡಿಕೆಯ ವಿಧಿಯೂ ಇದೇ: ಬಿಟ್ಟುಹೋದ ನೆಲೆಗಳನ್ನು ಅಲ್ಲಿದ್ದವರೇ ಶುಚಿಗೊಳಿಸತಕ್ಕದ್ದು, ಐತಿಹಾಸಿಕವೆಂದು ಗೊತ್ತುಮಾಡಿದವುಗಳಿಗೂ, ತೆಗೆದರೆ ಹೆಚ್ಚು ಹಾನಿಯಾಗುವಂಥವುಗಳಿಗೂ ಮಾತ್ರ ವಿನಾಯಿತಿ.

ಸ್ಕಾಟನ ಮನೆ ಸ್ಮಾರಕವಾಗಿ ನಿಂತಿದೆ, ಎರಡನೆಯದು ಈಗಿಲ್ಲ. ಕಟ್ಟಿದವರನ್ನು ಚರಿತ್ರೆಯು ತಾನಾಗಿ ನೆನೆಯುತ್ತದೆ. ಕಾರ್ಯವು ತೀರಿದೊಡನೆ ತಮ್ಮ ಮನೆಯನ್ನು ತಾವೇ ಬಿಚ್ಚಿ ಒಯ್ದವರಿಗೂ ಅದರಲ್ಲಿ ಒಂದು ಪಂಕ್ತಿಯು ಸಲ್ಲತಕ್ಕದ್ದು.