ದೋರಸಮುದ್ರದ ಮೈತ್ರಿ ಮತ್ತು ಹಗೆ

ಹಳೇಬೀಡು ಹೊಯ್ಸಳರ ರಾಜಧಾನಿ ದೋರಸಮುದ್ರವಾಗಿದ್ದ ಕಾಲದಲ್ಲಿ ಅವರ ಉತ್ತರಕ್ಕೆ ದೇವಗಿರಿಯ ಸೇವುಣರು, ದಕ್ಷಿಣಕ್ಕೆ ಚೋಳರು ಮತ್ತು ಪಾಂಡ್ಯರು. ಸೇವುಣರೊಡನೆ ಹಗೆ ಬಹುತೇಕ ಸ್ಥಿರ. ತಮಿಳು ನಾಡಿನಲ್ಲಿ ಮಾತ್ರ ಮಿತ್ರರು ಬದಲಾಗುತ್ತಲೇ ಇದ್ದರು.

ಸುಮಾರು 1231ರಲ್ಲಿ ಕಾಡವ ನಾಯಕ ಕೋಪ್ಪೆರುಂಜಿಂಗ, ಚೋಳ ದೊರೆ ಮುಮ್ಮಡಿ ರಾಜರಾಜನನ್ನು ಸೇಂದಮಂಗಲದಲ್ಲಿ ಸೆರೆಯಿಟ್ಟ. ಹೊಯ್ಸಳ ದೊರೆ ಇಮ್ಮಡಿ ನರಸಿಂಹ ತನ್ನ ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೋಪಯ್ಯರನ್ನು ಕಳುಹಿಸಿ ಅವನನ್ನು ಬಿಡಿಸಿದ. ಚೋಳರಾಜ್ಯಪ್ರತಿಷ್ಠಾಚಾರ್ಯ ಎಂಬ ಬಿರುದು ನರಸಿಂಹನಿಗಿತ್ತು. ಚೋಳನನ್ನು ಬಿಡಿಸಿದ್ದು ಬರಿಯ ಔದಾರ್ಯವಲ್ಲ: ಚೋಳ ಉಳಿದರೆ ಪಾಂಡ್ಯನಿಗೆ ಕಡಿವಾಣ. ನರಸಿಂಹನ ಮಗ ಸೋಮೇಶ್ವರ ಶ್ರೀರಂಗದ ಬಳಿಯ ಕಣ್ಣನೂರಿನಲ್ಲೇ ನೆಲೆಸಿ, ಚೋಳ ರಾಜೇಂದ್ರ ಬಲಿತಾಗ ಪಾಂಡ್ಯರ ಪಕ್ಷ ಹಿಡಿದ, ಪಾಂಡ್ಯರು ಬಲಿತಾಗ ಚೋಳರತ್ತ ವಾಲಿದ. ಕೊನೆಗೆ ಜಟಾವರ್ಮ ಸುಂದರ ಪಾಂಡ್ಯ ಕಣ್ಣನೂರನ್ನೇ ಗೆದ್ದ.

ಹೊಯ್ಸಳ ರಾಜ್ಯ ಸೋಮೇಶ್ವರನ ಇಬ್ಬರು ಮಕ್ಕಳ ನಡುವೆ ಹೋಳಾಯಿತು. 1276ರಲ್ಲಿ ಸೇವುಣರ ದಂಡನಾಯಕ ಸಾಳುವ ತಿಕ್ಕಮ ರಾಜಧಾನಿಗೆ ಹತ್ತಿರದ ಬೆಳವಾಡಿಯವರೆಗೆ ನುಗ್ಗಿ ಸೋತು ಮರಳಿದ. 1311ರಲ್ಲಿ ಹೊಯ್ಸಳ ದೊರೆ ಮುಮ್ಮಡಿ ಬಲ್ಲಾಳ, ಪಾಂಡ್ಯ ಸೋದರರ ಜಗಳದಲ್ಲಿ ಲಾಭ ಹುಡುಕಿ ದಕ್ಷಿಣಕ್ಕೆ ಹೋಗಿದ್ದಾಗ ದೆಹಲಿಯ ಸೇನಾನಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ ಬಂದ. ಆ ಸೇನೆಗೆ ನೆರವಾದವನು ಹಳೆಯ ಹಗೆ, ದೇವಗಿರಿಯ ರಾಮಚಂದ್ರ. ಬಲ್ಲಾಳ ಅವಸರದಲ್ಲಿ ಹಿಂತಿರುಗಿ, ಸಂಧಿ ಮಾಡಿಕೊಂಡು ದೆಹಲಿಗೆ ಕಪ್ಪ ಕೊಡಲು ಒಪ್ಪಿದ.