ಜೀಪಿನ ಪಕ್ಕೆಯ ಕಲ್ನಾರು

ಸಕಲೇಶಪುರದಿಂದ ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ ಹಳೆಯ ಪೆಟ್ರೋಲ್ ಜೀಪಿನ ಹಿಂದೆ ಸಿಕ್ಕಿಕೊಂಡವರಿಗೆ ಒಂದು ಸದ್ದು ನೆನಪಿರಬಹುದು. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಸೈಲೆನ್ಸರಿನಿಂದ ಫಟ್ ಫಟ್ ಎಂಬ ಸಿಡಿತ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆಂದು ಹಿಂದಿನ ಸೀಟಿನವರು ತೀರ್ಪು ಕೊಟ್ಟುಬಿಡುತ್ತಿದ್ದರು. ಎಷ್ಟೋ ಸಲ ತಪ್ಪು ಇರುತ್ತಿದ್ದುದು ಬೇರೆ ಕಡೆ. ಎಂಜಿನ್ನಿನ ಪಕ್ಕೆಗೆ ಹೊಗೆಯ ಕೊಳವೆ ಸೇರುವಲ್ಲಿ ಒಂದು ತೆಳುವಾದ ಹಾಳೆ ಇರುತ್ತದೆ. ಅದೇ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಅದು ಸುಟ್ಟರೆ ಅಥವಾ ಹರಿದರೆ ಆ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಇಳಿಜಾರಿನಲ್ಲಿ ಉರಿಯದೆ ಹೊರಬಿದ್ದ ಪೆಟ್ರೋಲಿನ ಆವಿ ಆ ಗಾಳಿ ಸಿಕ್ಕಿದೊಡನೆ ಕೊಳವೆಯೊಳಗೇ ಹೊತ್ತಿಕೊಳ್ಳುತ್ತದೆ.

ಈ ಜೀಪುಗಳ ಮೂಲ ಎರಡನೇ ಮಹಾಯುದ್ಧದಲ್ಲಿದೆ. ಅಮೆರಿಕದ ಸೈನ್ಯಕ್ಕಾಗಿ 1941ರಿಂದ ತಯಾರಾದ ವಿಲ್ಲಿಸ್ ಜೀಪಿಗೆ ನಾಲ್ಕು ಸಿಲಿಂಡರಿನ, 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ ಇತ್ತು. ಯುದ್ಧ ಮುಗಿದ ಮೇಲೆ ಸೈನ್ಯದ ಹೆಚ್ಚುವರಿ ವಾಹನಗಳು ಮಾರಾಟಕ್ಕೆ ಬಂದವು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಎತ್ತಿನ ಗಾಡಿ ಮತ್ತು ಕುದುರೆಯನ್ನು ನಂಬಿದ್ದ ಮಂಜರಾಬಾದಿನ ಕಾಫಿ ಸೀಮೆಗೆ ನಾಲ್ಕೂ ಚಕ್ರ ಎಳೆಯುವ ಈ ಗಾಡಿ ಹೇಳಿ ಮಾಡಿಸಿದಂತಿತ್ತು. ಯಸಳೂರು, ಹೆತ್ತೂರು, ಹಾನುಬಾಳು, ಆಲೂರಿನ ಕೆಂಚಮ್ಮನ ಹೊಸಕೋಟೆಯ ಕಡೆಯ ತೋಟದ ದಾರಿಗಳಲ್ಲಿ ಕಾಫಿ ಮೂಟೆ, ಗೊಬ್ಬರ, ಆಳುಗಳು, ಆಸ್ಪತ್ರೆಗೆ ಹೋಗಬೇಕಾದ ಬಸುರಿ ಎಲ್ಲರನ್ನೂ ಹೊತ್ತದ್ದು ಅದೇ.

ಆ ಹಳೆಯ ಎಂಜಿನ್ನಿನ ರಚನೆ ಸ್ವಲ್ಪ ವಿಚಿತ್ರ. ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇರುವುದರಿಂದ ಇಂಧನ ಒಳಗೆ ಹೋಗುವ ಮ್ಯಾನಿಫೋಲ್ಡ್ ಮತ್ತು ಹೊಗೆ ಹೊರಬರುವ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕೆಯಲ್ಲಿ, ಒಂದಕ್ಕೊಂದು ಬೋಲ್ಟಿನಿಂದ ಸೇರಿಕೊಂಡು ಕೂರುತ್ತವೆ. ಇವೆರಡರ ಮುಖ ಒಂದೇ ಮಟ್ಟಕ್ಕೆ ಬರದಿದ್ದರೆ ಎಂಥ ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ. ಬಲ್ಲವರು ಮೊದಲು ಇವೆರಡನ್ನು ಸಡಿಲವಾಗಿ ಜೋಡಿಸಿ, ಬ್ಲಾಕಿಗೆ ಕಟ್ಟಿ, ಆಮೇಲೆ ನಡುವಿನ ಬೋಲ್ಟು ಬಿಗಿಯುತ್ತಾರೆ. 1953ರಲ್ಲಿ ಬಂದ, ಬಾನೆಟ್ ಎತ್ತರವಾದ ಸಿಜೆ-3ಬಿಯಲ್ಲಿ ಒಳದಾರಿ ಸಿಲಿಂಡರ್ ಹೆಡ್ಡಿಗೇ ಹೋಯಿತು. ಪಕ್ಕೆಯಲ್ಲಿ ಹೊಗೆಯ ಮ್ಯಾನಿಫೋಲ್ಡ್ ಒಂಟಿಯಾಗಿ ಉಳಿಯಿತು. ನಮ್ಮ ಗುಡ್ಡಗಳಲ್ಲಿ ಹೆಚ್ಚು ಓಡಿದ್ದು ಬಹುಶಃ ಈ ಮಾದರಿಯೇ.

ಈ ಸಂದಿ ಇಷ್ಟು ಕಾಡುವುದು ಕಬ್ಬಿಣದ ಸ್ವಭಾವದಿಂದ. ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣ 400 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 2 ಮಿ.ಮೀ. ಉದ್ದವಾಗುತ್ತದೆ. ಆದರೆ ಅದು ಅಂಟಿಕೊಂಡಿರುವ ಬ್ಲಾಕನ್ನು ನೀರು ತಂಪಾಗಿ ಇಟ್ಟಿರುತ್ತದೆ. ಅದು ಅಷ್ಟು ಹಿಗ್ಗುವುದಿಲ್ಲ. ಪ್ರತಿ ಸಲ ಎಂಜಿನ್ ಕಾದಾಗಲೂ ಆರಿದಾಗಲೂ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಮೇಲೆ ಜಾರಬೇಕು. ನಟ್ಟನ್ನು ಬಲ ಬಿಟ್ಟು ಬಿಗಿದರೆ ಜಾರಲು ಎಡೆ ಸಿಗದೆ ಎರಕವೇ ಸೀಳುತ್ತದೆ, ಇಲ್ಲವೇ ಸ್ಟಡ್ ಮುರಿಯುತ್ತದೆ. ನಡುವಿನಿಂದ ಹೊರಕ್ಕೆ ಹದವಾಗಿ ಬಿಗಿದು, ಎಂಜಿನ್ ಒಮ್ಮೆ ಕಾದು ಆರಿದ ಮೇಲೆ ಮತ್ತೆ ನೋಡಬೇಕೆನ್ನುವುದು ಇದಕ್ಕೇ. ಹಿತ್ತಾಳೆ ನಟ್ಟು ಹಾಕುವುದು ತುಕ್ಕು ಹಿಡಿದು ಕಚ್ಚಿಕೊಳ್ಳದಿರಲೆಂದು. ಕಾದ ಮ್ಯಾನಿಫೋಲ್ಡಿನೊಡನೆ ಹಳ್ಳಕ್ಕಿಳಿಯುವ ಮಲೆನಾಡಿನ ಜೀಪಿಗೆ ಇದು ಇನ್ನೂ ಕಷ್ಟ. ವರ್ಷಕ್ಕೆ 2000 ಮಿ.ಮೀ. ದಾಟುವ ಮಳೆಯಲ್ಲಿ ಟಾರ್ಪಾಲು ಬಿಗಿದು ಹೊರಟರೆ ಸಂದಿಯಿಂದ ಸೋರಿದ ವಿಷಾನಿಲ ಒಳಗೇ ನಿಲ್ಲುತ್ತದೆ. ತಿರುವಿನಿಂದ ತಲೆನೋವು ಎಂದುಕೊಂಡವರಲ್ಲಿ ಕೆಲವರಿಗಾದರೂ ಅದು ಕಾರ್ಬನ್ ಮಾನಾಕ್ಸೈಡಿನ ಕೆಲಸವಾಗಿದ್ದೀತು.

ಇಷ್ಟು ಬಿಸಿ, ಇಷ್ಟು ಜಾರಾಟ ತಡೆಯಬಲ್ಲ ಅಗ್ಗದ ವಸ್ತು ಆಗ ಒಂದೇ ಇತ್ತು: ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಲ್ಲೂ ಹೌದು, ನಾರೂ ಹೌದು ಎಂಬ ಕನ್ನಡದ ಹೆಸರು ಇಂಗ್ಲಿಷಿನದಕ್ಕಿಂತ ಸ್ಪಷ್ಟ. ಇದೇ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಹಳೆಯ ಶಿಲೆಗಳಲ್ಲೂ ಅದು ಸಿಗುತ್ತದೆ. ಸಿದ್ಧ ಗ್ಯಾಸ್ಕೆಟ್ ಸಿಗದಾಗ ಮೆಕ್ಯಾನಿಕ್ ಕಲ್ನಾರಿನ ಹಾಳೆಯನ್ನು ಮ್ಯಾನಿಫೋಲ್ಡಿನ ಮುಖಕ್ಕೆ ಒತ್ತಿಹಿಡಿದು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟಿ ತೂತು ತೆಗೆಯುತ್ತಿದ್ದ. ಅಳತೆಪಟ್ಟಿಯಿಲ್ಲದ ಆ ಕೈಚಳಕ ನೋಡುವಂಥದ್ದು. ಸುಟ್ಟ ಹಳೆಯದನ್ನು ಕೆರೆದು, ಧೂಳನ್ನು ಬಾಯಿಂದ ಊದುತ್ತಿದ್ದ. ಅಪಾಯ ಇದ್ದದ್ದು ಆ ಊದುವಿಕೆಯಲ್ಲಿ. ಕಣ್ಣಿಗೆ ಕಾಣದ ನಾರು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ರೋಗ ತಲೆಯೆತ್ತಲು 20ರಿಂದ 40 ವರ್ಷ ಹಿಡಿಯುತ್ತದೆ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಉದ್ಯಮದ ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದೂ ಆದೇಶಿಸಿತು. ಕಾರ್ಖಾನೆಗೆ ಸರಿ. ಬಿ.ಎಂ. ರಸ್ತೆಯ ಬದಿಯ ಶೆಡ್ಡಿನಲ್ಲಿ ಹತ್ತನೇ ವಯಸ್ಸಿಗೆ ಸ್ಪ್ಯಾನರ್ ಹಿಡಿದ ಹುಡುಗನ ಹೆಸರು ಯಾವ ಪುಸ್ತಕದಲ್ಲಿತ್ತು? ಅವನು ಎಪ್ಪತ್ತಕ್ಕೆ ಕೆಮ್ಮಿದರೆ ಎಲ್ಲರೂ ದೂರುವುದು ಬೀಡಿಯನ್ನು.

ಈಗ ಉಕ್ಕಿನ ತೆಳು ತಗಡಿನ ಮೇಲೆ ಗ್ರಾಫೈಟ್ ಕೂರಿಸಿದ ಗ್ಯಾಸ್ಕೆಟ್ಟುಗಳು ಸಿಗುತ್ತವೆ. ಜಾರಲು ಗ್ರಾಫೈಟ್ ಕಲ್ನಾರಿಗಿಂತ ಒಳ್ಳೆಯದೇ. ಆದರೆ ಅಜ್ಜನ ಜೀಪನ್ನು ಕೊಟ್ಟಿಗೆಯಿಂದ ಹೊರತೆಗೆದು ಹೊಸದು ಮಾಡುವ ಉತ್ಸಾಹ ತೋಟಗಳಲ್ಲಿ ಹೆಚ್ಚಿದೆ, ಮತ್ತು ಅಂಥ ಎಂಜಿನ್ನಿನ ಪಕ್ಕೆಯಲ್ಲಿ ಇರುವುದು ಹೆಚ್ಚಾಗಿ ಹಳೆಯ ಹಾಳೆಯೇ. ಅದನ್ನು ಒಣದಾಗಿ ಕೆರೆಯಬಾರದು, ತಂತಿಬ್ರಷ್ ತಿರುಗಿಸಬಾರದು, ಕಂಪ್ರೆಸರಿನ ಗಾಳಿ ಹಿಡಿಯಬಾರದು. ನೀರಿನಿಂದ ಚೆನ್ನಾಗಿ ನೆನೆಸಿ, ನಾರು ತಡೆಯುವ ಮುಖಗವಸು ಹಾಕಿ, ಹಸಿಯಿರುವಾಗಲೇ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಆ ಹೊತ್ತಿಗೆ ಮಕ್ಕಳು ಶೆಡ್ಡಿನ ಹೊರಗಿರಲಿ.