ಇಂಗ್ಲಿಷ್ ಆರ್ಟಿಕಲ್‌ಗಳು

ಇಂಗ್ಲಿಷ್ ವ್ಯಾಕರಣದಲ್ಲಿ ನಾಮಪದಕ್ಕೆ ಮೊದಲು ಬಂದು, ಅದು ಸೂಚಿಸುವ ವಸ್ತು ಅಥವಾ ವ್ಯಕ್ತಿ ನಿರ್ದಿಷ್ಟವೋ ಅನಿರ್ದಿಷ್ಟವೋ ಎಂಬುದನ್ನು ತಿಳಿಸುವ ಪದಗಳನ್ನು ಆರ್ಟಿಕಲ್ ಎನ್ನುತ್ತಾರೆ. 'ಎ' ಮತ್ತು 'ಆ್ಯನ್' ಅನಿರ್ದಿಷ್ಟ ಆರ್ಟಿಕಲ್‌ಗಳು; 'ದಿ' ನಿರ್ದಿಷ್ಟ ಆರ್ಟಿಕಲ್. ಕನ್ನಡ, ಹಿಂದಿ, ಸಂಸ್ಕೃತ, ರಷ್ಯನ್ ಮತ್ತು ಜಪಾನಿ ಭಾಷೆಗಳಲ್ಲಿ ಆರ್ಟಿಕಲ್ ಇಲ್ಲದಿರುವುದರಿಂದ ಆ ಭಾಷಿಕರಿಗೆ ಇವುಗಳ ಬಳಕೆ ಇಂಗ್ಲಿಷ್ ಕಲಿಕೆಯ ಕಠಿಣ ಭಾಗಗಳಲ್ಲೊಂದು.

ಹಿನ್ನೆಲೆ

ಹಳೆಯ ಇಂಗ್ಲಿಷ್‌ನಲ್ಲಿ 'ಒಂದು' ಎಂಬ ಅರ್ಥದ 'ಆನ್' ಎಂಬ ಸಂಖ್ಯಾಪದವಿತ್ತು. ಅದರಿಂದಲೇ 'ಆ್ಯನ್' ರೂಪವೂ, ವ್ಯಂಜನದ ಮುಂದೆ ನಕಾರ ಬಿದ್ದು 'ಎ' ರೂಪವೂ ಉಂಟಾದವು. 'ದಿ' ಎಂಬುದು ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ಬದಲಾಗುತ್ತಿದ್ದ ಒಂದು ನಿರ್ದೇಶಕ ಸರ್ವನಾಮದಿಂದ ಬಂದಿದೆ. ಇಂದಿನ 'ದ್ಯಾಟ್' ಪದವೂ ಅದೇ ಮೂಲದ್ದು. ನಕಾರ ಯಾವ ಪದಕ್ಕೆ ಸೇರಿದ್ದು ಎಂಬ ಗೊಂದಲದಿಂದ ಕೆಲವು ಪದಗಳ ರೂಪವೇ ಬದಲಾಗಿದೆ. ಕ್ರಿಕೆಟ್‌ನ 'ಅಂಪೈರ್' ಮೊದಲು ನಕಾರದಿಂದ ಆರಂಭವಾಗುತ್ತಿದ್ದ ಪದ. ಆ ನಕಾರವನ್ನು ಆರ್ಟಿಕಲ್ ಸೆಳೆದುಕೊಂಡಿತು. 'ಏಪ್ರನ್' ಪದದ ಕಥೆಯೂ ಇದೇ.

ಎ ಮತ್ತು ಆ್ಯನ್

ಇವೆರಡರ ಆಯ್ಕೆ ಮುಂದಿನ ಪದದ ಉಚ್ಚಾರಣೆಯನ್ನು ಅವಲಂಬಿಸಿದೆಯೇ ಹೊರತು ಕಾಗುಣಿತವನ್ನಲ್ಲ. ಸ್ವರಧ್ವನಿಯ ಮುಂದೆ 'ಆ್ಯನ್', ವ್ಯಂಜನಧ್ವನಿಯ ಮುಂದೆ 'ಎ' ಬರುತ್ತದೆ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿದರೆ ಈ ನಿಯಮ ಬಹುಮಟ್ಟಿಗೆ ತಾನೇ ಸ್ಪಷ್ಟವಾಗುತ್ತದೆ: 'ಯೂನಿವರ್ಸಿಟಿ' ಯಕಾರದಿಂದಲೂ 'ಒನ್‌' ಎಂದು ಬರೆದರೂ 'ವನ್' ಎಂದು ನುಡಿಯುವ ಪದ ವಕಾರದಿಂದಲೂ ಆರಂಭವಾಗುವುದರಿಂದ ಅವಕ್ಕೆ 'ಎ' ಸಲ್ಲುತ್ತದೆ, 'ಅವರ್' (ಗಂಟೆ), 'ಆನೆಸ್ಟ್', 'ಎಂಎಲ್‌ಎ' ಪದಗಳಿಗೆ 'ಆ್ಯನ್' ಸಲ್ಲುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಕನ್ನಡಿಗರು ಆಡುಮಾತಿನಲ್ಲಿ ಪದಾದಿಯ ಎಕಾರಕ್ಕೆ ಯಕಾರ ಸೇರಿಸಿ 'ಎಗ್' ಎಂಬುದನ್ನು 'ಯೆಗ್' ಎನ್ನುವುದುಂಟು. ಇಂಗ್ಲಿಷ್‌ನಲ್ಲಿ ಅದು ಸ್ವರಾದಿ ಪದವೇ ಆದ್ದರಿಂದ 'ಆ್ಯನ್ ಎಗ್' ಎಂಬುದೇ ಸರಿ.

ಈ ಎರಡೂ ಆರ್ಟಿಕಲ್‌ಗಳು ಎಣಿಸಬಹುದಾದ ಏಕವಚನ ನಾಮಪದಗಳೊಂದಿಗೆ ಮಾತ್ರ ಬರುತ್ತವೆ. 'ಅಡ್ವೈಸ್', 'ಇನ್‌ಫರ್ಮೇಷನ್', 'ಫರ್ನಿಚರ್' ಪದಗಳು ಇಂಗ್ಲಿಷ್‌ನಲ್ಲಿ ಎಣಿಕೆಗೆ ಸಿಗುವುದಿಲ್ಲ. 'ಒಂದು ಸಲಹೆ' ಎಂಬುದನ್ನು 'ಎ ಪೀಸ್ ಆಫ್ ಅಡ್ವೈಸ್' ಎಂದೇ ಹೇಳಬೇಕು. ವೃತ್ತಿಯನ್ನು ಹೇಳುವಾಗ ಆರ್ಟಿಕಲ್ ಕಡ್ಡಾಯ. 'ಅವಳು ಡಾಕ್ಟರ್' ಎಂಬ ಎರಡು ಪದಗಳ ಕನ್ನಡ ವಾಕ್ಯ ಇಂಗ್ಲಿಷ್‌ನಲ್ಲಿ 'ಶಿ ಈಸ್ ಎ ಡಾಕ್ಟರ್' ಎಂದು ನಾಲ್ಕು ಪದಗಳಾಗುತ್ತದೆ.

ಆರ್ಟಿಕಲ್ ಬಿಟ್ಟರೆ ಕೆಲವೆಡೆ ಅರ್ಥವೇ ತಿರುಗುತ್ತದೆ. 'ಹಿ ಹ್ಯಾಸ್ ಎ ಫ್ಯೂ ಫ್ರೆಂಡ್ಸ್' ಎಂದರೆ ಅವನಿಗೆ ಕೆಲವು ಸ್ನೇಹಿತರಿದ್ದಾರೆ ಎಂದು. 'ಎ' ಇಲ್ಲದಿದ್ದರೆ ಅವನಿಗೆ ಸ್ನೇಹಿತರು ಇಲ್ಲವೆನ್ನುವಷ್ಟು ಕಡಿಮೆ ಎಂದಾಗುತ್ತದೆ. 'ಲಿಟಲ್' ಪದಕ್ಕೂ ಇದೇ ನಿಯಮ.

ದಿ

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದವಿದು. ಮೊದಲು ಪ್ರಸ್ತಾಪವಾದ ಅಥವಾ ಕೇಳುಗನಿಗೆ ಯಾವುದೆಂದು ತಿಳಿದಿರುವ ವಸ್ತುವಿಗೆ ಇದನ್ನು ಬಳಸುತ್ತಾರೆ. ಕನ್ನಡದಲ್ಲಿ ಈ ಕೆಲಸವನ್ನು ಸಂದರ್ಭ, 'ಆ' ಎಂಬ ನಿರ್ದೇಶಕ ಮತ್ತು ಕೆಲವೊಮ್ಮೆ ವಿಭಕ್ತಿ ಪ್ರತ್ಯಯ ನಿರ್ವಹಿಸುತ್ತವೆ. 'ಪುಸ್ತಕ ತಂದ' ಎಂಬಲ್ಲಿ ಯಾವುದೋ ಪುಸ್ತಕವಿರಬಹುದು. 'ಪುಸ್ತಕವನ್ನು ತಂದ' ಎಂದಾಗ ಗೊತ್ತಿರುವ ಪುಸ್ತಕದ ಸೂಚನೆ ಸಾಮಾನ್ಯವಾಗಿ ಹೆಚ್ಚುತ್ತದೆ.

ನದಿ, ಸಮುದ್ರ, ಪರ್ವತಶ್ರೇಣಿಗಳ ಹೆಸರಿಗೆ 'ದಿ' ಸೇರುತ್ತದೆ: 'ದಿ ಕಾವೇರಿ', 'ದಿ ಹಿಮಾಲಯಾಸ್'. ಊರು, ರಾಜ್ಯ, ಬಿಡಿ ಶಿಖರಗಳ ಹೆಸರಿಗೆ ಸಾಮಾನ್ಯವಾಗಿ ಸೇರುವುದಿಲ್ಲ. ದೇಶಗಳಲ್ಲಿ 'ದಿ ನೆದರ್ಲೆಂಡ್ಸ್', 'ದಿ ಫಿಲಿಪೀನ್ಸ್' ಮುಂತಾದವು ಅಪವಾದಗಳು.

ಆರ್ಟಿಕಲ್ ಇಲ್ಲದ ಬಳಕೆ

ವಿದ್ಯಾರ್ಥಿಯಾಗಿ ಶಾಲೆಗೆ ಹೋಗುವುದು 'ಗೋ ಟು ಸ್ಕೂಲ್'. ಬೇರೆ ಕೆಲಸಕ್ಕಾಗಿ ಶಾಲೆಯ ಕಟ್ಟಡಕ್ಕೆ ಹೋಗುವುದು 'ಗೋ ಟು ದಿ ಸ್ಕೂಲ್'. ಆಸ್ಪತ್ರೆಯಲ್ಲಿ ದಾಖಲಾದವರನ್ನು ಬ್ರಿಟಿಷರು 'ಇನ್ ಹಾಸ್ಪಿಟಲ್' ಎಂದರೆ ಅಮೆರಿಕನ್ನರು 'ಇನ್ ದಿ ಹಾಸ್ಪಿಟಲ್' ಎನ್ನುತ್ತಾರೆ. ಪತ್ರಿಕೆಗಳ ತಲೆಬರಹಗಳಲ್ಲಿ ಸ್ಥಳ ಉಳಿಸಲು ಆರ್ಟಿಕಲ್‌ಗಳನ್ನು ಕೈಬಿಡುವುದು ರೂಢಿ. ಆ ಮಾದರಿಯನ್ನು ಪತ್ರ, ಪ್ರಬಂಧಗಳಲ್ಲಿ ಅನುಸರಿಸುವಂತಿಲ್ಲ.